ಶೀತಭೂಮಿಯ ಫಲವೃಕ್ಷಗಳು

ಕರಾವಳಿಯ ಜನರು ಪೇರಳೆ ಎಂದು ಕರೆಯುವ ಹಣ್ಣನ್ನು ಹಳೆಯ ಮೈಸೂರಿನವರು ಸೀಬೆ ಎನ್ನುತ್ತಾರೆ. ಉತ್ತರ ಕರ್ನಾಟಕದವರು ಪೇರಲ ಎನ್ನುತ್ತಾರೆ. ಮರಾಠಿಗರು ಪೇರೂ ಎನ್ನುತ್ತಾರೆ. ಅಮೆರಿಕ ಖಂಡದ ಉಷ್ಣಪ್ರದೇಶದಲ್ಲಿ ಹುಟ್ಟಿ, ಪೋರ್ಚುಗೀಸರ ನಾವೆಗಳ ಮೂಲಕ ಪಶ್ಚಿಮ ಕರಾವಳಿಗೆ ಬಂದ ಹಣ್ಣು ಇದು. ಪೋರ್ಚುಗೀಸ್ ಭಾಷೆಯಲ್ಲಿ ‘ಪೇರಾ’ ಎಂಬ ಶಬ್ದವಿದೆ. ಅದರ ಅರ್ಥ ಸೀಬೆಯಲ್ಲ, ಯೂರೋಪಿನ ಶೀತಭೂಮಿಯಲ್ಲಿ ಬೆಳೆಯುವ ಬೇರೊಂದು ಹಣ್ಣು. ಇಂಗ್ಲಿಷಿನಲ್ಲಿ ಪೇರ್ ಎನಿಸಿಕೊಳ್ಳುವ ಹಣ್ಣು. ತಮ್ಮ ನಾಡಿನ ಹಣ್ಣಿನ ಆಕಾರವನ್ನು ಈ ಹೊಸ ಹಣ್ಣಿನಲ್ಲಿ ಕಂಡು ಅವರು ಆ ಹೆಸರನ್ನೇ ಇದಕ್ಕೆ ಇಟ್ಟರೆಂದೂ, ಅದೇ ಕರಾವಳಿಯ ಬಾಯಲ್ಲಿ ಪೇರಳೆಯಾಯಿತೆಂದೂ ಶಬ್ದಶೋಧಕರು ಹೇಳುತ್ತಾರೆ. ಹೀಗೆ ಮಂಗಳೂರಿನಲ್ಲಿ ಹೆಸರು ನೆಲೆಯೂರಿತು, ಹೆಸರಿನ ಮೂಲ ಒಡೆಯನಾದ ಮರ ಮಾತ್ರ ನೆಲೆಯೂರಲಿಲ್ಲ. ಅದು ಏಕೆ ನೆಲೆಯೂರಲಿಲ್ಲ ಎಂಬ ಪ್ರಶ್ನೆಯೇ ಪ್ರಕೃತ ಪಾಠದ ಆರಂಭ.

ಆ ಮೂಲ ಹಣ್ಣಿಗೆ ಕನ್ನಡ ನಿಘಂಟುಗಳಲ್ಲಿ ಮರಸೇಬು ಎಂಬ ಹೆಸರಿದೆ. ಬೆಂಗಳೂರು, ಮೈಸೂರುಗಳ ಸಂತೆಯಲ್ಲಿ ಅದನ್ನು ಬೇರಿಕಾಯಿ ಎಂದು ಕೂಗಿ ಮಾರುತ್ತಾರೆ. ಹಿಂದಿಯವರಿಗೆ ಅದು ನಾಸಪಾತಿ; ಇದು ಪಾರಸಿಯಿಂದ ಬಂದ ಮಾತು. ಇವೆಲ್ಲಕ್ಕಿಂತಲೂ ಮನೋಹರವಾದ ಹೆಸರೊಂದು ಪ್ರಾಚೀನ ಭಾರತದಲ್ಲಿತ್ತು. 7ನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ತನ್ನ ಪ್ರವಾಸಗ್ರಂಥದಲ್ಲಿ ಪಂಜಾಬಿನ ಚೀನಭುಕ್ತಿ ಎಂಬ ಸ್ಥಳವನ್ನು ವರ್ಣಿಸುತ್ತಾನೆ. ಕನಿಷ್ಕನ ಕಾಲದಲ್ಲಿ ಒತ್ತೆಯಾಳುಗಳಾಗಿ ಬಂದ ಚೀನದವರು ಅಲ್ಲಿ ಚಳಿಗಾಲವನ್ನು ಕಳೆಯುತ್ತಿದ್ದರೆಂದೂ, ಅಲ್ಲಿಯವರೆಗೆ ಈ ದೇಶದಲ್ಲಿ ಇಲ್ಲದಿದ್ದ ಎರಡು ಹಣ್ಣುಗಳನ್ನು ಅವರು ನೆಟ್ಟರೆಂದೂ ಆತ ಬರೆದಿದ್ದಾನೆ. ಪೀಚ್ ಹಣ್ಣಿಗೆ ಜನರು ಚೀನಾನಿ ಎಂದು ಹೆಸರಿಟ್ಟರು. ಮರಸೇಬಿಗೆ ಚೀನರಾಜಪುತ್ರ ಎಂದು ಹೆಸರಿಟ್ಟರು. ದೂರದೇಶದಿಂದ ಬಂದು ಪರನಾಡಿನಲ್ಲಿ ಬೇರುಬಿಟ್ಟ ಮರಕ್ಕೆ ಇದಕ್ಕಿಂತ ತಕ್ಕ ಹೆಸರನ್ನು ಕಾಣಲಾರೆವು. ಆದರೆ ಈ ರಾಜಪುತ್ರನು ಹೋದಲ್ಲೆಲ್ಲ ಒಂದು ಕಟ್ಟಳೆಯನ್ನು ಜೊತೆಗೆ ಒಯ್ದನು. ಅದು ಚಳಿಯ ಕಟ್ಟಳೆ.

ಮರದ ನಿದ್ರೆ

ಮರಸೇಬು, ಸೇಬು, ಪೀಚ್, ಪ್ಲಮ್, ಜರದಾಳು, ಚೆರ್‍ರಿ, ಬಾದಾಮಿ ಇವೆಲ್ಲವೂ ಗುಲಾಬಿಯ ಕುಟುಂಬಕ್ಕೆ ಸೇರಿದ ಮರಗಳು. ಇವುಗಳ ಪೂರ್ವಜರು ಬೇಸಿಗೆ ಕಿರಿದಾಗಿಯೂ ಚಳಿಗಾಲ ದೀರ್ಘವಾಗಿಯೂ ಇರುವ ಪ್ರದೇಶಗಳಲ್ಲಿ ಬೆಳೆದವು. ಅಂತಹ ನಾಡಿನಲ್ಲಿ ವರ್ಷವಿಡೀ ಚಿಗುರುವ ಮರಕ್ಕೆ ಉಳಿವಿಲ್ಲ; ಎಳೆಯ ಚಿಗುರು ಒಂದೇ ರಾತ್ರಿಯ ಹಿಮಕ್ಕೆ ಕರಿಕಾಗುತ್ತದೆ. ಆದುದರಿಂದ ಈ ಮರಗಳು ಕಾಲವನ್ನು ಅರಿತು ನಿದ್ರಿಸುವುದನ್ನು ಕಲಿತುಕೊಂಡವು.

ಶರತ್ಕಾಲದಲ್ಲಿ ಗಾಳಿ ತಣ್ಣಗಾಗುವುದನ್ನು ಮರವು ಗ್ರಹಿಸುತ್ತದೆ. ಬೆಳವಣಿಗೆ ನಿಲ್ಲುತ್ತದೆ. ಎಲೆಗಳಲ್ಲಿದ್ದ ಪೋಷಕಾಂಶಗಳನ್ನು ಮರವು ಕೊಂಬೆಗೂ ಬೇರಿಗೂ ಹಿಂತೆಗೆದುಕೊಂಡು, ಬರಿದಾದ ಎಲೆಯನ್ನು ಉದುರಿಸುತ್ತದೆ. ಮುಂದಿನ ವರ್ಷದ ಹೂವು ಅದಾಗಲೇ ಮೊಗ್ಗಿನೊಳಗೆ ಸೂಕ್ಷ್ಮರೂಪದಲ್ಲಿ ಸಿದ್ಧವಾಗಿರುತ್ತದೆ. ಗಟ್ಟಿಯಾದ ಪೊರೆಗಳು ಅದನ್ನು ಮುಚ್ಚಿಕೊಂಡಿರುತ್ತವೆ. ಬೆಳವಣಿಗೆಯನ್ನು ತಡೆಯುವ ರಸವಿಶೇಷಗಳು ಮೊಗ್ಗಿನಲ್ಲಿ ತುಂಬಿಕೊಳ್ಳುತ್ತವೆ. ಈ ಸ್ಥಿತಿಗೆ ಸುಪ್ತಾವಸ್ಥೆ ಎಂದು ಹೆಸರು.

ಈ ನಿದ್ರೆಯ ವೈಶಿಷ್ಟ್ಯವು ಅದರ ಭಂಗದಲ್ಲಿದೆ. ನಡುವೆ ನಾಲ್ಕು ದಿನ ಬಿಸಿಲು ಕಾಯಿತೆಂದು ಮರವು ಎಚ್ಚರಗೊಂಡರೆ ಕೆಟ್ಟಿತು. ಮರುವಾರ ಬರುವ ಹಿಮವು ಹೂವನ್ನೆಲ್ಲ ಸುಡುತ್ತದೆ. ಆದುದರಿಂದ ಮರವು ಬಿಸಿಲನ್ನು ನಂಬುವುದಿಲ್ಲ. ತಾನು ಸಾಕಷ್ಟು ಚಳಿಯನ್ನು ಅನುಭವಿಸಿದೆನೇ ಎಂಬುದನ್ನು ಮೊದಲು ಲೆಕ್ಕಹಾಕುತ್ತದೆ. ಆ ಲೆಕ್ಕ ತುಂಬಿದ ಮೇಲೆ ಮಾತ್ರ ಬಿಸಿಲಿನ ಕರೆಗೆ ಓಗೊಡುತ್ತದೆ. ಚಳಿಯ ಲೆಕ್ಕ ಮೊದಲು, ಬಿಸಿಲಿನ ಲೆಕ್ಕ ಅನಂತರ. ಈ ಕ್ರಮ ತಪ್ಪುವುದಿಲ್ಲ.

ಚಳಿಯ ಗಣಿತ

ತೋಟಗಾರಿಕೆಯ ವಿಜ್ಞಾನಿಗಳು ಈ ಲೆಕ್ಕವನ್ನು ಗಂಟೆಗಳಲ್ಲಿ ಎಣಿಸುತ್ತಾರೆ. ಹಳೆಯ ಹಾಗೂ ಸುಲಭವಾದ ಪದ್ಧತಿಯ ಪ್ರಕಾರ, ಚಳಿಗಾಲದಲ್ಲಿ ಗಾಳಿಯ ಉಷ್ಣತೆ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿರುವ ಪ್ರತಿಯೊಂದು ಗಂಟೆಯೂ ಒಂದು ಶೀತಗಂಟೆ. ಪ್ರಸಿದ್ಧವಾದ ಅನೇಕ ಸೇಬಿನ ತಳಿಗಳಿಗೆ ಸುಮಾರು 1000 ಶೀತಗಂಟೆಗಳು ಬೇಕು. ಯೂರೋಪಿನ ಮರಸೇಬುಗಳದೂ ಹೆಚ್ಚುಕಡಿಮೆ ಇದೇ ದಾರಿ. ಪೀಚ್ ಮತ್ತು ಪ್ಲಮ್ ಹಣ್ಣುಗಳಲ್ಲಿ ಕೆಲವು ತಳಿಗಳು ಇದರ ಅರ್ಧಕ್ಕೂ ಕಡಿಮೆ ಚಳಿಯಿಂದ ತೃಪ್ತಿಹೊಂದುತ್ತವೆ.

ಇಲ್ಲಿ ವಿದ್ಯಾರ್ಥಿಗಳು ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದಾಗಿ, ನೀರು ಹೆಪ್ಪುಗಟ್ಟುವುದಕ್ಕಿಂತಲೂ ಕೆಳಗಿನ ಘೋರವಾದ ಚಳಿಯು ಈ ಲೆಕ್ಕಕ್ಕೆ ಅಷ್ಟಾಗಿ ಒದಗುವುದಿಲ್ಲ. ಹೆಪ್ಪಿಗೆ ತುಸು ಮೇಲಿನ ಹದವಾದ ಚಳಿಯೇ ನಿದ್ರೆಯನ್ನು ಪಕ್ವಗೊಳಿಸುವಂಥದು. ಎರಡನೆಯದಾಗಿ, ನಡುನಡುವೆ ಬರುವ ಬೆಚ್ಚನೆಯ ದಿನಗಳು ಕೂಡಿಟ್ಟ ಶೀತಗಂಟೆಗಳಲ್ಲಿ ಒಂದಿಷ್ಟನ್ನು ಕಳೆದುಹಾಕುತ್ತವೆ.

ಲೆಕ್ಕ ತುಂಬದಿದ್ದರೆ ಮರವು ಸಾಯುವುದಿಲ್ಲ; ಅದಕ್ಕಿಂತಲೂ ದಯನೀಯವಾದ ಸ್ಥಿತಿಗೆ ಬರುತ್ತದೆ. ಒಂದು ಕೊಂಬೆಯಲ್ಲಿ ಹೂವು, ಇನ್ನೊಂದರಲ್ಲಿ ಎಲೆ, ಮತ್ತೊಂದು ಬರಿದು. ಹೂವು ಒಮ್ಮೆಗೇ ಅರಳದೆ ವಾರಗಟ್ಟಲೆ ಎಳೆದಾಡುತ್ತದೆ. ಮರಸೇಬಿನ ಹೂವು ಸಾಮಾನ್ಯವಾಗಿ ತನ್ನದೇ ತಳಿಯ ಪರಾಗದಿಂದ ಕಾಯಿಕಟ್ಟುವುದಿಲ್ಲ. ಸಮೀಪದಲ್ಲಿ ಅದೇ ವೇಳೆಗೆ ಅರಳುವ ಬೇರೆ ತಳಿಯೊಂದು ಇರಲೇಬೇಕು. ಎರಡು ತಳಿಗಳ ಹೂವಿನ ಕಾಲ ಹೊಂದದಿದ್ದರೆ ಜೇನುನೊಣಗಳಿದ್ದೂ ಫಲವಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಮಂಗಳೂರಿನಲ್ಲಿ ಜನವರಿಯ ರಾತ್ರಿಗಳಲ್ಲಿಯೂ ಉಷ್ಣತೆ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಂತೂರಿನ ದಿಣ್ಣೆಯ ಮೇಲೆ ಮರಸೇಬಿನ ಸಸಿಯನ್ನು ನೆಟ್ಟರೆ, ಮಣ್ಣು ಒಳ್ಳೆಯದಿದ್ದರೂ ನೀರು ಸಮೃದ್ಧವಾಗಿದ್ದರೂ, ಅದು ಒಂದೇ ಒಂದು ಶೀತಗಂಟೆಯನ್ನೂ ಕಾಣಲಾರದು. ಮಲಗಲು ರಾತ್ರಿಯೇ ಬಾರದ ಮನೆಯಲ್ಲಿ ಅತಿಥಿಗೆ ಮುಂಜಾವು ಎಲ್ಲಿಂದ ಬಂದೀತು? ಹೆದ್ದಾರಿಗಳು ಕೂಡುವ ನಂತೂರಿನ ಮೂಲಕ ಸಾಗುವ ಲಾರಿಗಳಲ್ಲಿ ಈ ಹಣ್ಣು ಬರಬಹುದೇ ಹೊರತು ನಂತೂರಿನ ಹಿತ್ತಿಲಲ್ಲಿ ಕಾಯಲಾರದು.

ಶೀತದ ಪೆಟ್ಟು

ಚಳಿಯು ಬೇಕು ಎಂಬುದು ನಾಣ್ಯದ ಒಂದು ಮುಖ. ಅತಿಯಾದ ಚಳಿಯು ಕೊಲ್ಲುತ್ತದೆ ಎಂಬುದು ಇನ್ನೊಂದು. ಉತ್ತರ ಅಮೆರಿಕದ ಬಯಲುಗಳಲ್ಲಿಯೂ ಸೈಬೀರಿಯದಲ್ಲಿಯೂ ಉಷ್ಣತೆಯು ಸೊನ್ನೆಗಿಂತ 30, 40 ಡಿಗ್ರಿಗಳಷ್ಟು ಕೆಳಗೆ ಇಳಿಯುತ್ತದೆ. ಅಲ್ಲಿಯ ಹಣ್ಣಿನ ಮರವು ಈ ಕಂಟಕವನ್ನು ಹೇಗೆ ದಾಟುತ್ತದೆ ಎಂಬುದು ಸೃಷ್ಟಿಯ ಕೌತುಕಗಳಲ್ಲಿ ಒಂದು.

ಮರದ ಜೀವಕೋಶದೊಳಗೆ ನೀರಿದೆ. ಆ ನೀರು ಕೋಶದೊಳಗೇ ಹರಳುಗಟ್ಟಿದರೆ, ಹರಳಿನ ಮೊನೆಗಳು ಕೋಶದ ಪೊರೆಗಳನ್ನು ಹರಿದು ಅದನ್ನು ಕೊಲ್ಲುತ್ತವೆ. ಚಳಿಗೆ ಮೈಗೊಟ್ಟು ಪಳಗಿದ ಮರವು ಇದಕ್ಕೆ ಎರಡು ಉಪಾಯಗಳನ್ನು ಮಾಡುತ್ತದೆ. ತೊಗಟೆಯ ಭಾಗದಲ್ಲಿ ನೀರನ್ನು ಕೋಶಗಳ ಹೊರಗಿನ ಎಡೆಗಳಿಗೆ ಬಿಟ್ಟು, ಅಲ್ಲಿ ಹರಳುಗಟ್ಟಗೊಡುತ್ತದೆ; ಕೋಶದೊಳಗೆ ಸಕ್ಕರೆಯಂತಹ ಪದಾರ್ಥಗಳು ದಟ್ಟವಾಗಿ ಉಳಿಯುವುದರಿಂದ ಅದು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ. ಕಟ್ಟಿಗೆಯ ಭಾಗದ ಜೀವಕೋಶಗಳಲ್ಲಾದರೋ ನೀರು ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿದರೂ ದ್ರವವಾಗಿಯೇ ಉಳಿದಿರುತ್ತದೆ. ಶುದ್ಧವಾದ ನೀರಿನ ಅತಿಸೂಕ್ಷ್ಮ ಹನಿಯು ಹರಳಿಗೆ ಬೀಜವಾಗುವ ಕಣವೊಂದು ದೊರೆಯದಿದ್ದರೆ ಸುಮಾರು ಸೊನ್ನೆಗಿಂತ 40 ಡಿಗ್ರಿ ಕೆಳಗಿನವರೆಗೂ ದ್ರವವಾಗಿರಬಲ್ಲದು. ಅದರಾಚೆಗೆ ಈ ಉಪಾಯ ನಡೆಯದು. ಭೂಮಿಯ ಮೇಲೆ ಸೇಬು, ಮರಸೇಬುಗಳ ಉತ್ತರದ ಎಲ್ಲೆಯನ್ನು ಬಹುಮಟ್ಟಿಗೆ ಬರೆದುದು ಈ ಭೌತನಿಯಮವೇ.

ಈ ಸಹನೆಯು ಹುಟ್ಟಿನಿಂದ ಸದಾ ಇರುವಂಥದಲ್ಲ. ಮರವು ಶರತ್ಕಾಲದಲ್ಲಿ ಮೆಲ್ಲಮೆಲ್ಲನೆ ಅದನ್ನು ಸಂಪಾದಿಸುತ್ತದೆ. ವಸಂತದಲ್ಲಿ ಬೇಗಬೇಗನೆ ಕಳೆದುಕೊಳ್ಳುತ್ತದೆ. ನಡುಚಳಿಗಾಲದಲ್ಲಿ ಘೋರವಾದ ಶೀತವನ್ನು ತಾಳಿದ ಮೊಗ್ಗೇ ಅರಳಿ ಹೂವಾದಾಗ ಸೊನ್ನೆಗಿಂತ ಬರಿಯ 2.2 ಡಿಗ್ರಿ ಕೆಳಗಿಳಿದರೆ ಹತ್ತರಲ್ಲಿ ಒಂದು ಭಾಗದಷ್ಟು ಸಾಯುತ್ತದೆ, 3.9 ಡಿಗ್ರಿ ಕೆಳಗಿಳಿದರೆ ಹತ್ತರಲ್ಲಿ ಒಂಬತ್ತು ಭಾಗ ಸಾಯುತ್ತದೆ. ಅಕಾಲದಲ್ಲಿ ಬರುವ ಅಲ್ಪವಾದ ಚಳಿಯು ಕಾಲದಲ್ಲಿ ಬರುವ ಮಹಾಶೀತಕ್ಕಿಂತ ಭಯಂಕರ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನೂ ಎರಡು ಆಪತ್ತುಗಳಿವೆ. ಚಳಿಗಾಲದ ಮಧ್ಯಾಹ್ನದ ಓರೆಬಿಸಿಲು ಕಾಂಡದ ನೈರುತ್ಯದ ಪಾರ್ಶ್ವವನ್ನು ಕಾಯಿಸಿ ಅಲ್ಲಿಯ ಕೋಶಗಳನ್ನು ಎಚ್ಚರಗೊಳಿಸುತ್ತದೆ. ಸೂರ್ಯ ಮುಳುಗಿದೊಡನೆ ಬೀಳುವ ಚಳಿಯು ಆ ಭಾಗವನ್ನು ಕೊಂದು ತೊಗಟೆಯನ್ನು ಸೀಳುತ್ತದೆ. ಬೇರುಗಳಾದರೋ ಕೊಂಬೆಗಳಿಗಿಂತ ಬಹಳ ಸುಕುಮಾರವಾದುವು. ನೆಲದ ಮೇಲೆ ಹಿಮದ ಹೊದಿಕೆ ದಪ್ಪವಾಗಿದ್ದರೆ ಅವು ಬೆಚ್ಚಗೆ ಉಳಿಯುತ್ತವೆ. ಹಿಮ ಬೀಳದೆ ಒಣಚಳಿ ಬಿದ್ದ ವರ್ಷ ಬೇರು ಸತ್ತು, ಮೇಲಿನ ಮರವು ವಸಂತದಲ್ಲಿ ಕಣ್ಣುಬಿಟ್ಟು ಒಣಗುತ್ತದೆ. ಹಿಮವೇ ಮರವನ್ನು ಹಿಮದಿಂದ ಕಾಯುವ ಕಂಬಳಿ ಎಂಬುದನ್ನು ಉಷ್ಣನಾಡಿನವರು ಊಹಿಸುವುದು ಕಷ್ಟ.

ಶೀತವನ್ನು ಗೆದ್ದವರು

ಇಂತಹ ನಾಡುಗಳಲ್ಲಿ ಹಣ್ಣು ಬೆಳೆದುದು ಕೆಲವರ ಹಠದ ಫಲ. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಪೀಟರ್ ಗಿಡಿಯನ್ ಎಂಬಾತ 1853ರಲ್ಲಿ ಮಿನೆಟೊಂಕ ಸರೋವರದ ದಡದಲ್ಲಿ ನೆಲೆಸಿದನು. ಪೂರ್ವದ ರಾಜ್ಯಗಳಿಂದ ತಂದ ಸೇಬು, ಮರಸೇಬು, ಪ್ಲಮ್, ಚೆರ್‍ರಿ ಗಿಡಗಳನ್ನು ವರ್ಷ ವರ್ಷವೂ ನೆಟ್ಟನು. ಚಳಿಯು ವರ್ಷ ವರ್ಷವೂ ಅವುಗಳನ್ನು ಕೊಂದಿತು. ಕೊನೆಗೆ ಅವನ ಕೈಯಲ್ಲಿ ಉಳಿದುದು 8 ಡಾಲರ್. ಚಳಿಗೆ ಹೊದೆಯಲು ಅಂಗಿಯೂ ಇರಲಿಲ್ಲ. ಆತ ಆ ಹಣವನ್ನು ಅಂಗಿಗೆ ವೆಚ್ಚಮಾಡದೆ ಮೇನ್ ರಾಜ್ಯದ ಬ್ಯಾಂಗರಿನಿಂದ ಸೇಬಿನ ಬೀಜ ಮತ್ತು ಗಿಡಗಳನ್ನು ತರಿಸಿದನೆಂದೂ, ಹಳೆಯ ಬಟ್ಟೆಗಳ ತುಂಡುಗಳನ್ನು ಹೊಲಿದುಕೊಂಡು ತೊಟ್ಟನೆಂದೂ ಅಲ್ಲಿಯ ತೋಟಗಾರಿಕೆಯ ಇತಿಹಾಸ ಹೇಳುತ್ತದೆ. ಆ ಬೀಜಗಳಿಂದ ಹುಟ್ಟಿದ ಸಸಿಯೊಂದು ಚಳಿಯನ್ನು ತಾಳಿ ರುಚಿಯಾದ ಹಣ್ಣನ್ನು ಕೊಟ್ಟಿತು. 1868ರಲ್ಲಿ ಲೋಕಕ್ಕೆ ಬಂದ ಆ ತಳಿಗೆ ಗಿಡಿಯನ್ ತನ್ನ ಪತ್ನಿಯ ಹೆಸರಾದ ವೆಲ್ದಿ ಎಂಬುದನ್ನೇ ಇಟ್ಟನು. ಆ ಶಬ್ದಕ್ಕೆ ಸಿರಿವಂತೆ ಎಂಬ ಅರ್ಥವೂ ಇದೆ. ಅಂಗಿಯಿಲ್ಲದವನ ತೋಟದಲ್ಲಿ ಸಿರಿ ಹುಟ್ಟಿದ ಕಥೆ ಇದು.

ರಷ್ಯದ ಕೊಜ್ಲೋವ್ ಎಂಬ ಊರಿನಲ್ಲಿ ಇವಾನ್ ಮಿಚೂರಿನ್ (1855–1935) ರೈಲ್ವೆಯಲ್ಲಿ ಗುಮಾಸ್ತನಾಗಿ, ಗಡಿಯಾರಗಳನ್ನು ರಿಪೇರಿಮಾಡಿ ಜೀವಿಸುತ್ತ ಹಣ್ಣಿನ ಮರಗಳ ಮೇಲೆ ಪ್ರಯೋಗ ನಡೆಸಿದನು. ದಕ್ಷಿಣದ ರುಚಿಕರ ತಳಿಗಳ ಕುಡಿಗಳನ್ನು ಉತ್ತರದ ಗಟ್ಟಿ ಬೇರುಸಸಿಗಳಿಗೆ ಕಸಿಮಾಡಿದರೆ, ಬೇರಿನ ಗಟ್ಟಿತನವು ಕುಡಿಗೂ ಬರುವುದೆಂದು ಅಂದಿನ ಕೆಲವರು ನಂಬಿದ್ದರು. ಮಿಚೂರಿನನೂ ಹಾಗೆಯೇ ವರ್ಷಗಟ್ಟಲೆ ಮಾಡಿದನು. ಕಠಿಣವಾದ ಚಳಿಗಾಲಗಳು ಆ ಮರಗಳನ್ನು ನೆಲಕ್ಕೆ ಕೆಡವಿದವು. ಕಸಿಯ ಮೇಲುಭಾಗವು ತನ್ನ ಸ್ವಭಾವವನ್ನು ಬಿಡುವುದಿಲ್ಲ ಎಂದು ಆತ ಅರಿತನು. ಸ್ವಭಾವ ಬದಲಾಗಬೇಕಾದರೆ ಬೀಜದಲ್ಲಿಯೇ ಬದಲಾಗಬೇಕು ಎಂದು ನಿಶ್ಚಯಿಸಿದನು. ಪೂರ್ವ ಏಷ್ಯದ ಉಸ್ಸೂರಿ ನದಿಯ ಪ್ರದೇಶದ ಕಾಡು ಮರಸೇಬು ಎಲ್ಲ ಮರಸೇಬುಗಳಿಗಿಂತ ಚಳಿಯನ್ನು ಹೆಚ್ಚು ತಾಳುವಂಥದು. ಆದರೆ ಅದರ ಹಣ್ಣು ಸಣ್ಣದು, ಒಗರು, ಮರಳುಮರಳು. ಅದರ ಹೂವಿಗೆ ಮೃದುವಾದ ಬೆಣ್ಣೆ ಮರಸೇಬಿನ ಪರಾಗವನ್ನು ಕೂಡಿಸಿ, ಚಳಿಗಾಲದವರೆಗೂ ಕೆಡದೆ ಉಳಿಯುವ ಹೊಸ ತಳಿಯೊಂದನ್ನು ಆತ ಪಡೆದನು. 1932ರಲ್ಲಿ ಆ ಊರಿಗೆ ಮಿಚೂರಿನ್‌ಸ್ಕ್ ಎಂದು ಹೆಸರಿಡಲಾಯಿತು. ಮುಂದೆ ಅವನ ಹೆಸರನ್ನು ಹಿಡಿದು ಕೆಲವರು ವಿಜ್ಞಾನಸಮ್ಮತವಲ್ಲದ ವಾದಗಳನ್ನು ಹೂಡಿದರು. ಆದರೆ ಮರವು ಯಾರ ವಾದವನ್ನೂ ಕೇಳುವುದಿಲ್ಲ. ಚಳಿಗಾಲ ಕಳೆದ ಮೇಲೆ ಬದುಕಿದ್ದರೆ ಬದುಕಿದೆ, ಇಲ್ಲದಿದ್ದರೆ ಇಲ್ಲ.

ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದ ದಕ್ಷಿಣ ಡಕೋಟದಲ್ಲಿ ಪ್ರಾಧ್ಯಾಪಕನಾಗಿದ್ದ ನೀಲ್ಸ್ ಹ್ಯಾನ್ಸೆನ್ (1866–1950) 1897ರಿಂದ ಹಲವು ಸಲ ರಷ್ಯ, ಸೈಬೀರಿಯಗಳಲ್ಲಿ ಸಂಚರಿಸಿ ಚಳಿತಾಳುವ ಗಿಡಗಳನ್ನೂ ಬೀಜಗಳನ್ನೂ ಒಯ್ದನು. ಸೈಬೀರಿಯದ ಕ್ರಾಸ್ನೊಯಾರ್ಸ್ಕಿನಲ್ಲಿ ವ್ಸೆವೊಲೋದ್ ಕ್ರುತೋವ್ಸ್ಕಿಯು ಬೇರೊಂದು ದಾರಿ ಹಿಡಿದನು. ಮರವನ್ನು ಎತ್ತರಕ್ಕೆ ಬೆಳೆಯಗೊಡದೆ, ಎಳೆಯದಾಗಿರುವಾಗಲೇ ಬಾಗಿಸಿ, ಕೊಂಬೆಗಳು ನೆಲದ ಮೇಲೆ ಬಳ್ಳಿಯಂತೆ ಹರಡುವ ಹಾಗೆ ಪಳಗಿಸಿದನು. ಚಳಿಗಾಲದಲ್ಲಿ ಹಿಮವು ಇಡೀ ಮರವನ್ನೇ ಮುಚ್ಚಿ ಕಾಯುತ್ತದೆ. ಒಬ್ಬನು ಮರದ ವಂಶವನ್ನು ಬದಲಿಸಿದನು. ಇನ್ನೊಬ್ಬನು ಮರದ ನಿಲುವನ್ನು ಬದಲಿಸಿದನು. ಎರಡೂ ಫಲಿಸಿದವು.

ರಕ್ಷಣೆಯ ಉಪಾಯಗಳು

ಶೀತಪ್ರದೇಶದ ತೋಟಗಾರನು ಅನುಸರಿಸುವ ಕ್ರಮಗಳನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಮೊದಲನೆಯದು ಸ್ಥಳದ ಆಯ್ಕೆ. ತಣ್ಣನೆಯ ಗಾಳಿಯು ಬೆಚ್ಚನೆಯ ಗಾಳಿಗಿಂತ ಭಾರವಾದುದರಿಂದ ರಾತ್ರಿಯಲ್ಲಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದುದರಿಂದ ಕಣಿವೆಯ ತಳವನ್ನು ಬಿಟ್ಟು ಇಳಿಜಾರಿನ ನಡುಭಾಗದಲ್ಲಿ ಮರಗಳನ್ನು ನೆಡಬೇಕು.

ಎರಡನೆಯದು ಗೊಬ್ಬರದ ಮಿತಿ. ಬೇಸಿಗೆಯ ಕೊನೆಯಲ್ಲಿ ಸಾರಜನಕದ ಗೊಬ್ಬರವನ್ನೂ ನೀರನ್ನೂ ಯಥೇಚ್ಛವಾಗಿ ಕೊಟ್ಟರೆ ಮರವು ನಿದ್ರೆಗೆ ಸಿದ್ಧವಾಗದೆ ಚಿಗುರುತ್ತಲೇ ಇರುತ್ತದೆ. ಮೊದಲ ಹಿಮಕ್ಕೇ ಆ ಚಿಗುರು ಬಲಿಯಾಗುತ್ತದೆ.

ಮೂರನೆಯದು ಕಾಂಡಕ್ಕೆ ಸುಣ್ಣ ಬಳಿಯುವುದು. ಬಿಳಿಯ ಬಣ್ಣವು ಬಿಸಿಲನ್ನು ಹಿಂದಕ್ಕೆ ಕಳುಹಿಸಿ ತೊಗಟೆಯು ಕಾಯದಂತೆ ತಡೆಯುತ್ತದೆ. ಬುಡಕ್ಕೆ ಒಣಹುಲ್ಲು, ತರಗೆಲೆಗಳ ಹೊದಿಕೆ ಹಾಕಿದರೆ ಬೇರಿಗೆ ರಕ್ಷಣೆ.

ನಾಲ್ಕನೆಯದು ಕೇಳಿದವರನ್ನು ಬೆರಗುಗೊಳಿಸುವಂಥದು. ಹೂಬಿಟ್ಟ ಕಾಲದಲ್ಲಿ ಹಿಮದ ರಾತ್ರಿ ಬಂದರೆ, ತೋಟದ ಮೇಲೆಲ್ಲ ಎಡೆಬಿಡದೆ ನೀರನ್ನು ಚಿಮುಕಿಸುತ್ತಾರೆ. ನೀರು ಹೂವಿನ ಮೇಲೆ ಹೆಪ್ಪುಗಟ್ಟುತ್ತದೆ; ಹೆಪ್ಪುಗಟ್ಟುವಾಗ ಒಂದೊಂದು ಗ್ರಾಮ್ ನೀರೂ ಸುಮಾರು 80 ಕ್ಯಾಲರಿ ಶಾಖವನ್ನು ಬಿಟ್ಟುಕೊಡುತ್ತದೆ. ಈ ಶಾಖದಿಂದ ಹೂವಿನ ಉಷ್ಣತೆಯು ಸೊನ್ನೆಯ ಸಮೀಪದಲ್ಲಿಯೇ ನಿಲ್ಲುತ್ತದೆ. ಆದರೆ ನೀರು ನಡುವೆ ನಿಂತರೆ ರಕ್ಷಣೆಯೇ ಭಕ್ಷಣೆಯಾದೀತು. ಮಂಜು ಕರಗುವ ತನಕ ಚಿಮುಕಿಸುತ್ತಲೇ ಇರಬೇಕು.

ನೀಲಗಿರಿಯ ಬೇರಿಕಾಯಿ

ಕನ್ನಡಿಗರಿಗೆ ಈ ಹಣ್ಣಿನ ಸಂಬಂಧ ಅತಿ ಸಮೀಪದಲ್ಲಿ ದೊರೆಯುವುದು ನೀಲಗಿರಿಯಲ್ಲಿ. ಇಂದು ತಮಿಳುನಾಡಿಗೆ ಸೇರಿದ್ದರೂ ಅಲ್ಲಿಯ ದೊಡ್ಡಬೆಟ್ಟ, ಹುಲಿಕಲ್ಲು ಮೊದಲಾದ ಹೆಸರುಗಳು ಕನ್ನಡದವೇ ಎಂಬುದನ್ನು ಕಿವಿ ಒಪ್ಪುತ್ತದೆ. ಅಲ್ಲಿಯ ಬಡಗರು ಉತ್ತರದ ಮೈಸೂರು ಸೀಮೆಯಿಂದ ಬಂದು ನೆಲೆಸಿದವರೆಂದು ಪರಂಪರೆ ಹೇಳುತ್ತದೆ. ಬಡಗು ಎಂದರೆ ಉತ್ತರವಷ್ಟೆ. ಅವರ ನುಡಿ ಕನ್ನಡಕ್ಕೆ ಒಡಹುಟ್ಟಿದುದು. ಅವರ ಊರುಗಳು ಹಟ್ಟಿಗಳು. ಸಾಮೆ, ರಾಗಿಗಳನ್ನು ಬೆಳೆಯುತ್ತಿದ್ದ ಆ ಹಟ್ಟಿಗಳ ಪಕ್ಕಕ್ಕೆ ಶೀತದೇಶದ ಹಣ್ಣುಗಳು ಬಂದುದು 19ನೆಯ ಶತಮಾನದಲ್ಲಿ.

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನೇರಿದನು. ಕೋಟಗಿರಿಯ ಸಮೀಪದ ದಿಂಬಟ್ಟಿಯಲ್ಲಿ ಮೊದಲು ನೆಲೆಮಾಡಿ, ಅನಂತರ ಉದಕಮಂಡಲದಲ್ಲಿ ಮನೆಯನ್ನು ಕಟ್ಟಿಸಿ, ಯೂರೋಪಿನ ತರಕಾರಿಗಳನ್ನೂ ಹಣ್ಣಿನ ಗಿಡಗಳನ್ನೂ ತರಿಸಿ ನೆಡಿಸಿದನು. 1848ರಲ್ಲಿ ಉದಕಮಂಡಲದ ಸಸ್ಯೋದ್ಯಾನವೂ, 1874ರಲ್ಲಿ ಕೂನೂರಿನ ಸಿಮ್ಸ್ ಉದ್ಯಾನವೂ ಆರಂಭವಾದವು. 1920ರಲ್ಲಿ ಕೂನೂರಿನಲ್ಲಿ ಹಣ್ಣಿನ ಬೆಳೆಗಳ ಸಂಶೋಧನೆಗಾಗಿಯೇ ಒಂದು ಕೇಂದ್ರವು ಸ್ಥಾಪಿತವಾಯಿತು. ಸಿಮ್ಸ್ ಉದ್ಯಾನದಲ್ಲಿ ಬೇಸಿಗೆಯಲ್ಲಿ ನಡೆಯುವ ಹಣ್ಣಿನ ಪ್ರದರ್ಶನವು ಪ್ರಸಿದ್ಧವಾದುದು.

ನೀಲಗಿರಿಯು ಭೂಮಧ್ಯರೇಖೆಗೆ ಬರಿಯ 11 ಡಿಗ್ರಿ ಉತ್ತರದಲ್ಲಿದೆ, ಮಂಗಳೂರಿಗಿಂತಲೂ ದಕ್ಷಿಣದಲ್ಲಿದೆ. ಅಲ್ಲಿ ಚಳಿಯನ್ನು ಕೊಡುವುದು ಎತ್ತರ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2240 ಮೀಟರ್. ಕೂನೂರು ಸುಮಾರು 1850 ಮೀಟರ್. ಡಿಸೆಂಬರ್, ಜನವರಿಗಳಲ್ಲಿ ಉದಕಮಂಡಲದ ತಗ್ಗುಗಳಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕಾಣುತ್ತದೆ. ಆದರೆ ಅದು ಕಾಶ್ಮೀರದ ಚಳಿಯಲ್ಲ. ಹಗಲು ಬಿಸಿಲು ಬೀಳುತ್ತದೆ, ಕೂಡಿದ ಲೆಕ್ಕ ಕರಗುತ್ತದೆ. ಹೆಚ್ಚು ಚಳಿ ಬೇಡುವ ಯೂರೋಪಿನ ಶ್ರೇಷ್ಠ ತಳಿಗಳು ಅಲ್ಲಿ ಸಂಪೂರ್ಣ ತೃಪ್ತಿಯಿಂದ ಫಲಿಸುವುದಿಲ್ಲ. ಫಲಿಸಿದುದು ನಾಟಿ ಬೇರಿಕಾಯಿ. ಪೂರ್ವ ಏಷ್ಯದ ಮರಳು ಮರಸೇಬಿನ ಬಳಗಕ್ಕೆ ಸೇರಿದ ಗಟ್ಟಿ ಮರ ಅದು. ಹಣ್ಣು ಕರಕರನೆ ಕಡಿಯಬೇಕಾದಷ್ಟು ಬಿರುಸು. ನಾಲಗೆಗೆ ಮರಳಿನಂತೆ ತಾಗುವ ಕಲ್ಲುಕಣಗಳು ಅದರಲ್ಲಿ ಹೇರಳ. ಆದರೆ ಆ ಬಿರುಸೇ ಅದರ ಗುಣ. ಬೆಟ್ಟದ ದಾರಿಯನ್ನಿಳಿದು ಬಯಲಿನ ಸಂತೆಗೆ ಬಂದರೂ ಅದು ನಜ್ಜುಗುಜ್ಜಾಗದು. ಅದರ ಜೊತೆಗೆ ಕೀಫರ್ ಎಂಬ ತಳಿಯೂ ಅಲ್ಲಿ ನೆಲೆಸಿತು. ಅಮೆರಿಕದ ಫಿಲಡೆಲ್ಫಿಯದ ಸಮೀಪ ಪೀಟರ್ ಕೀಫರನ ತೋಟದಲ್ಲಿ 19ನೆಯ ಶತಮಾನದಲ್ಲಿ, ಚೀನದ ಮರಸೇಬಿಗೂ ಯೂರೋಪಿನ ಮರಸೇಬಿಗೂ ತಾನಾಗಿಯೇ ಆದ ಸಂಕರದಿಂದ ಹುಟ್ಟಿದ ತಳಿ ಅದು. ಚೀನರಾಜಪುತ್ರನು ಅಮೆರಿಕವನ್ನು ಸುತ್ತಿ ನೀಲಗಿರಿಗೆ ಬಂದನೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆದರೂ ಈ ಮರಗಳ ಪಾಲಿಗೆ ನೀಲಗಿರಿಯ ನೆಲ ಕಿರಿದಾಗುತ್ತ ಬಂದಿತು. ಆಲೂಗೆಡ್ಡೆಯು ಬಡಗರ ಹಣದ ಬೆಳೆಯಾಗಿದ್ದಾಗ 1961ರಲ್ಲಿ ಅದರ ಬೇರನ್ನು ಹಿಡಿಯುವ ಸೂಕ್ಷ್ಮವಾದ ಜಂತುಹುಳು ಅಲ್ಲಿ ಪತ್ತೆಯಾಯಿತು. ಸಣ್ಣ ಹಿಡುವಳಿದಾರರು ಹೆಚ್ಚುಹೆಚ್ಚಾಗಿ ಚಹಾದ ಕಡೆಗೆ ತಿರುಗಿದರು. ಚಹಾದ ಗಿಡ ವರ್ಷದಲ್ಲಿ ಹಲವು ಸಲ ಕೊಯ್ಲು ಕೊಡುತ್ತದೆ. ಬೇರಿಕಾಯಿಯ ಮರ ಏಳೆಂಟು ವರ್ಷ ಕಾಯಿಸಿ, ಅನಂತರ ವರ್ಷಕ್ಕೊಮ್ಮೆ, ಅದೂ ಮಳೆಗಾಲದಲ್ಲಿ, ಒಮ್ಮೆಗೇ ಸುರಿಯುತ್ತದೆ. ಸಂಸಾರ ನಡೆಸಬೇಕಾದವನು ಯಾವುದನ್ನು ಆರಿಸಿಕೊಂಡಾನು? ಹೀಗೆ ತೋಟದ ಮರವು ಹಿತ್ತಿಲಿಗೂ ಬೇಲಿಯ ಅಂಚಿಗೂ ಸರಿಯಿತು. ಇದರಲ್ಲಿ ತಪ್ಪು ಯಾರದೂ ಅಲ್ಲ; ಆದರೆ ನೂರು ವರ್ಷಗಳಲ್ಲಿ ಒಂದು ನೆಲಕ್ಕೆ ಒಗ್ಗಿದ ಮರವು ಕಳೆದುಹೋದರೆ ಅದನ್ನು ಮತ್ತೆ ಒಗ್ಗಿಸಲು ನೂರು ವರ್ಷಗಳೇ ಬೇಕು ಎಂಬುದು ನೆನಪಿನಲ್ಲಿಡತಕ್ಕ ಮಾತು.

ನಿದ್ರೆಯಿಲ್ಲದ ತೋಟ

ಕನ್ನಡನಾಡಿನ ಒಳಗೂ ಈ ಪ್ರಯತ್ನ ನಡೆದಿದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತ 20ನೆಯ ಶತಮಾನದ ಮೊದಲ ಭಾಗದಲ್ಲಿ ಸೇಬಿನ ತೋಟಗಳಿದ್ದವು. ರೋಮ್ ಬ್ಯೂಟಿ ಎಂಬ ತಳಿ ಅಲ್ಲಿ ಹೆಸರಾಗಿತ್ತು. ಬಿಳಿಯ ಉಣ್ಣೆಯಂತೆ ಕೊಂಬೆಗೂ ಬೇರಿಗೂ ಮುತ್ತುವ ಹೇನಿನ ಕಾಟವು ಆ ತೋಟಗಳನ್ನು ಬಹಳವಾಗಿ ಬಾಧಿಸಿತು. ಬೆಳೆಯುತ್ತಿದ್ದ ನಗರವೂ ಮುಂದೆ ತೋಟಗಳ ನೆಲವನ್ನು ನುಂಗಿತು.

ಇದೇ ರೋಮ್ ಬ್ಯೂಟಿಯನ್ನು ಇಂಡೋನೇಷ್ಯದ ಜಾವಾ ದ್ವೀಪದ ಬಾತು ಎಂಬ ಬೆಟ್ಟದ ಸೀಮೆಯಲ್ಲಿ ಬೇರೊಂದು ಯುಕ್ತಿಯಿಂದ ಬೆಳೆಯುತ್ತಾರೆ. ಹಣ್ಣು ಕೊಯ್ದ ಕೆಲವೇ ವಾರಗಳಲ್ಲಿ ಮರದ ಎಲೆಗಳನ್ನೆಲ್ಲ ಕೈಯಿಂದ ಕಿತ್ತುಹಾಕುತ್ತಾರೆ. ಮರವು ಗಾಢನಿದ್ರೆಗೆ ಜಾರುವ ಮೊದಲೇ ಎಲೆ ಕಳಚಿದುದರಿಂದ ಮೊಗ್ಗು ಚಳಿಯ ಲೆಕ್ಕವನ್ನು ಕೇಳದೆ ಮತ್ತೆ ಅರಳುತ್ತದೆ. ನಿದ್ರೆಯನ್ನು ಪೂರೈಸಿ ಎಬ್ಬಿಸುವುದು ಹಿಮಾಲಯದ ವಿಧಾನ. ನಿದ್ರಿಸಲು ಬಿಡದೆಯೇ ಕೆಲಸ ಮಾಡಿಸುವುದು ಜಾವಾದ ವಿಧಾನ.

ಇನ್ನು ಕಡಿಮೆ ಚಳಿ ಬೇಡುವ ತಳಿಗಳ ಶೋಧವೂ ಮುಂದುವರಿದಿದೆ. ಇಸ್ರೇಲಿನ ಅನ್ನಾ ಎಂಬ ಸೇಬು ಇಂತಹುದು. ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯ ರೈತ ಹರಿಮನ್ ಶರ್ಮಾ ಅವರು ಬೆಟ್ಟದ ತಪ್ಪಲಿನ ಬೆಚ್ಚನೆಯ ನೆಲದಲ್ಲಿ ಆಯ್ದು ಬೆಳೆಸಿದ ಎಚ್.ಆರ್.ಎಂ.ಎನ್.-99 ಎಂಬ ಸೇಬನ್ನು ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ನೆಟ್ಟಿದ್ದಾರೆ. ಸಸಿಯನ್ನು ಕೊಳ್ಳುವ ರೈತನು ಹಣ್ಣಿನ ಚಿತ್ರವನ್ನು ನೋಡಿ ಮರುಳಾಗದೆ, ಈ ತಳಿಗೆ ಎಷ್ಟು ಶೀತಗಂಟೆ ಬೇಕು, ತನ್ನ ಊರಿನಲ್ಲಿ ಎಷ್ಟು ದೊರೆಯುತ್ತದೆ, ಪರಾಗಕ್ಕೆ ಜೊತೆಗಾರ ತಳಿ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಲೇಬೇಕು. ಉತ್ತರ ದೊರೆಯದಿದ್ದರೆ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು.

ಚಳಿ ಕ್ಷೀಣಿಸುವ ಕಾಲ

ಗಿಡಿಯನ್, ಮಿಚೂರಿನರ ಕಾಲದಲ್ಲಿ ಶತ್ರುವಾಗಿದ್ದುದು ಚಳಿ. ಇಂದು ಚಳಿಯ ಅಭಾವವೇ ಶತ್ರುವಾಗುತ್ತಿದೆ. ಹಿಮಾಚಲದ ಕುಲ್ಲು ಕಣಿವೆಯ ಬಂದ್ರೋಲಿನಲ್ಲಿ 1870ರಲ್ಲಿ ಕ್ಯಾಪ್ಟನ್ ಲೀ ಎಂಬಾತ ಇಂಗ್ಲೆಂಡಿನ ಹಣ್ಣಿನ ಮರಗಳ ತೋಟವನ್ನು ಎಬ್ಬಿಸಿದನು. 1916ರಲ್ಲಿ ಕೋಟ್‌ಗಢದಲ್ಲಿ ಸ್ಯಾಮ್ಯುಯಲ್ ಸ್ಟೋಕ್ಸ್ ಅಮೆರಿಕದ ಕೆಂಪು ಸೇಬನ್ನು ನೆಟ್ಟು, ಬಡ ಬೆಟ್ಟಗಳಿಗೆ ಬದುಕನ್ನು ಕೊಟ್ಟನು. ಆತನೇ ಮುಂದೆ ಸತ್ಯಾನಂದನೆಂದು ಹೆಸರಾದವನು. ಈಗ ಭೂಮಿಯ ಉಷ್ಣತೆ ಏರುತ್ತಿರುವುದರಿಂದ, ಚಳಿಗಾಲದ ಹಿಮಪಾತ ಕುಂದುತ್ತಿರುವುದರಿಂದ, ಅಲ್ಲಿ ಸೇಬಿನ ಸೀಮೆಯೇ ಮೇಲಕ್ಕೆ ಸರಿಯುತ್ತಿದೆ. ಕೆಳಗಿನ ಇಳಿಜಾರುಗಳ ರೈತರು ಸೇಬನ್ನು ಬಿಟ್ಟು ದಾಳಿಂಬೆ, ತರಕಾರಿಗಳನ್ನು ಹಿಡಿದಿದ್ದಾರೆ. ಹಿಂದೆ ಅತಿ ಶೀತವೆನಿಸಿದ್ದ ಲಾಹುಲ್, ಸ್ಪಿತಿ, ಕಿನ್ನೌರಗಳ ಎತ್ತರಗಳಲ್ಲಿ ಹೊಸ ತೋಟಗಳು ಏಳುತ್ತಿವೆ. ಆದರೆ ಬೆಟ್ಟಕ್ಕೂ ಒಂದು ತುದಿಯಿದೆ. ನೀಲಗಿರಿಯಂತಹ ಬೆಟ್ಟಗಳಲ್ಲಿ ಆ ತುದಿ ಬಹಳ ದೂರವಿಲ್ಲ; ದೊಡ್ಡಬೆಟ್ಟದ ಎತ್ತರ 2637 ಮೀಟರ್ ಮಾತ್ರ. ಅದರಾಚೆಗೆ ಸರಿಯಲು ಮರಕ್ಕೆ ನೆಲವಿಲ್ಲ.

ಆದುದರಿಂದ ಹಳೆಯ ನಾಟಿ ತಳಿಗಳ ರಕ್ಷಣೆ ಇಂದಿನ ಅವಶ್ಯಕ ಕರ್ತವ್ಯ. ಹಟ್ಟಿಯ ಹಿತ್ತಿಲಲ್ಲಿ ಯಾರೂ ಕೇಳದೆ ನಿಂತಿರುವ ಬಿರುಸು ಹಣ್ಣಿನ ಮರವು ಕಡಿಮೆ ಚಳಿಯಲ್ಲಿ ಫಲಿಸುವ ವಿದ್ಯೆಯನ್ನು ನೂರಾರು ವರ್ಷಗಳಿಂದ ತನ್ನ ಬೀಜದಲ್ಲಿ ಕಾದಿಟ್ಟಿದೆ. ಒಗರಾದ ಉಸ್ಸೂರಿ ಮರಸೇಬು ಮಿಚೂರಿನನ ತೋಟಕ್ಕೆ ಏನನ್ನು ಕೊಟ್ಟಿತೋ ಅದನ್ನೇ ನಾಳಿನ ಬೆಚ್ಚನೆಯ ಲೋಕಕ್ಕೆ ನೀಲಗಿರಿಯ ಬೇರಿಕಾಯಿ ಕೊಡಬಹುದು. ಕಡಿದುಹಾಕಿದರೆ ಆ ವಿದ್ಯೆಯೂ ಮರದೊಡನೆ ಸೌದೆಯಾಗುತ್ತದೆ.

ವಿದ್ಯಾರ್ಥಿಗಳು ಈ ಪಾಠದಿಂದ ಗ್ರಹಿಸಬೇಕಾದ ಸಾರವಿಷ್ಟು: ಮರಸೇಬಿನ ಮರಕ್ಕೆ ಚಳಿಯು ಶತ್ರುವೂ ಹೌದು, ಗುರುವೂ ಹೌದು. ಕಾಲದಲ್ಲಿ ಬಂದ ಕಠಿಣ ಚಳಿಯನ್ನು ಅದು ತಾಳುತ್ತದೆ, ಆ ಚಳಿಯಿಂದಲೇ ಹೂಬಿಡುವ ಅರ್ಹತೆಯನ್ನು ಪಡೆಯುತ್ತದೆ. ಪ್ರತಿಯೊಂದು ಮರಕ್ಕೂ ಅದರದೇ ನೆಲವಿದೆ, ಅದರದೇ ಋತುವಿದೆ. ಕರಾವಳಿಯ ಹಿತ್ತಿಲಿನಲ್ಲಿ ಹಲಸು, ಮಾವು, ಪೇರಳೆಗಳು ತಮ್ಮ ಕಾಲಕ್ಕೆ ತಾವು ಫಲಿಸುತ್ತಿವೆ. ಅವುಗಳ ಬುಡಕ್ಕೆ ಮಣ್ಣೇರಿಸಿ, ಊರಿನ ಹಳೆಯ ತಳಿಗಳನ್ನು ಗುರುತಿಸಿ ಹೆಸರಿಟ್ಟು ಕಾಪಾಡುವ ಕೆಲಸವನ್ನು ಶಾಲೆಯ ಕೈತೋಟದಿಂದಲೇ ಆರಂಭಿಸಬಹುದು.